‘ಇಕಿಗಾಯಿ’ ಪುಸ್ತಕವೂ ನಾಲ್ಕನೆಯ ವೃತ್ತವೂ

ಬಾಳಿಗೊಂದು ಗುರಿ ಬೇಕು, ಅದನ್ನು ಕಂಡುಕೊಳ್ಳುವ ವಿದ್ಯೆ ಜಪಾನೀಯರಿಗೆ ಗೊತ್ತು ಎಂಬ ಮಾತು ಈಗ ನಮ್ಮವರ ಮನೆಗಳಲ್ಲೂ ಕೇಳಿಬರುತ್ತಿದೆ. ಇದಕ್ಕೆ ಮುಖ್ಯ ಕಾರಣ ‘ಇಕಿಗಾಯಿ’ ಎಂಬ ಪುಸ್ತಕ. ಹೆಕ್ಟರ್ ಗಾರ್ಸಿಯಾ, ಫ್ರಾನ್ಸೆಸ್ಕ್ ಮಿರಾಲೆಸ್ ಎಂಬ ಇಬ್ಬರು ಸ್ಪೇನ್ ದೇಶದವರು ಬರೆದ ಇದು ೨೦೧೬ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ, ೨೦೧೭ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು, ಗುಜರಾತಿಗೂ ಅನುವಾದವಾಗಿದೆ. ‘ಇಕಿ’ ಎಂದರೆ ಬದುಕುವುದು, ‘ಗಾಯಿ’ ಎಂದರೆ ಬೆಲೆ, ಸಾರ್ಥಕತೆ. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಮನಸ್ಸು ಬರುವಂತೆ ಮಾಡುವ ಸಂಗತಿ ಎಂದು ಸ್ಥೂಲವಾಗಿ ಹೇಳಬಹುದು.

ಪುಸ್ತಕದಲ್ಲಿ ಒಳ್ಳೆಯದಿಲ್ಲವೆಂದಲ್ಲ. ಒಕಿನಾವಾ ದ್ವೀಪದ ಓಗಿಮಿ ಎಂಬ ಹಳ್ಳಿಯ ವೃದ್ಧರನ್ನು ಲೇಖಕರು ಹೋಗಿ ಕಂಡು ಮಾತನಾಡಿಸಿದ ಭಾಗ ನಿಜಕ್ಕೂ ಸೊಗಸಾಗಿದೆ. ಅಲ್ಲಿನ ಮುದುಕಿಯರು ಹಿತ್ತಿಲಿನಲ್ಲಿ ತರಕಾರಿ ಬೆಳೆಯುತ್ತಾರೆ, ಹೊಟ್ಟೆ ಮುಕ್ಕಾಲು ತುಂಬಿದೊಡನೆ ತಟ್ಟೆ ಬಿಟ್ಟು ಏಳುತ್ತಾರೆ, ‘ಮೊಆಯಿ’ ಎಂಬ ಗುಂಪು ಕಟ್ಟಿಕೊಂಡು ತಿಂಗಳು ತಿಂಗಳು ಹಣ ಹಾಕುತ್ತಾರೆ. ಇದು ನಮ್ಮ ಚೀಟಿಯೇ. ಆದರೆ ಚೀಟಿ ಎತ್ತಿದ ಮೇಲೆ ಮುಖ ತೋರಿಸದ ಗಿರಾಕಿಗಳು ಅಲ್ಲಿ ಇಲ್ಲವೆಂದು ತೋರುತ್ತದೆ! ಇಷ್ಟು ಬರೆದವರು ಒಕಿನಾವಾ ೧೯೪೫ರ ಯುದ್ಧದಲ್ಲಿ ಬೂದಿಯಾದದ್ದನ್ನೂ, ೧೯೭೨ರವರೆಗೆ ಅಮೆರಿಕದ ಆಳ್ವಿಕೆಯಲ್ಲಿದ್ದದ್ದನ್ನೂ ಇನ್ನಷ್ಟು ಮನಸ್ಸಿಗೆ ತಂದುಕೊಳ್ಳಬೇಕಿತ್ತು. ಆ ಮುದುಕಿಯರ ನಗು ಸುಖದಲ್ಲಿ ಹುಟ್ಟಿದ್ದಲ್ಲ.

ಪುಸ್ತಕಕ್ಕಿಂತ ಹೆಚ್ಚು ಹೆಸರಾದದ್ದು ಅದರೊಳಗಿನ ಒಂದು ಚಿತ್ರ. ಅದರಲ್ಲಿ ನಾಲ್ಕು ವೃತ್ತಗಳಿವೆ: ನಮಗೆ ಪ್ರಿಯವಾದದ್ದು, ನಾವು ಚೆನ್ನಾಗಿ ಮಾಡಬಲ್ಲದ್ದು, ಲೋಕಕ್ಕೆ ಬೇಕಾದದ್ದು, ಹಣ ತರುವಂಥದ್ದು. ನಾಲ್ಕೂ ಕೂಡುವ ನಡುವಣ ಚೂರೇ ಇಕಿಗಾಯಿಯಂತೆ. ಸ್ವಾರಸ್ಯವೆಂದರೆ ಈ ಚಿತ್ರ ಜಪಾನಿನದೇ ಅಲ್ಲ. ಸ್ಪೇನಿನ ಆಂಡ್ರೆಸ್ ಝುಝುನಾಗಾ ಎಂಬಾತ ಬರೆದ ಚಿತ್ರದ ನಡುವೆ ‘ಗುರಿ’ ಎಂಬ ಪದವಿತ್ತು. ೨೦೧೪ರಲ್ಲಿ ಮಾರ್ಕ್ ವಿನ್ ಎಂಬಾತ ಆ ಜಾಗದಲ್ಲಿ ‘ಇಕಿಗಾಯಿ’ ಎಂದು ಬರೆದ. ಕಾಲೇಜಿನಲ್ಲಿ ಗಣಗಳ ಪಾಠ ಓದಿದವರಿಗೆ ಇನ್ನೊಂದು ವಿಷಯವೂ ಹೊಳೆಯುತ್ತದೆ: ವೃತ್ತ ಹೆಚ್ಚಿದಷ್ಟೂ ನಡುವಣ ಚೂರು ಚಿಕ್ಕದಾಗುತ್ತದೆ. ನಾಲ್ಕೂ ಷರತ್ತು ಪೂರೈಸುವವರು ಊರಿಗೆ ಎಷ್ಟು ಮಂದಿ? ಉಳಿದವರ ಬಾಳಿಗೆ ಬೆಲೆಯಿಲ್ಲವೆ?

ನಾವಿರುವ ಸೂರತ್ತಿನ ವರಾಛಾವನ್ನೇ ನೋಡಿ. ಇಲ್ಲಿ ವಜ್ರ ಉಜ್ಜುವ ಚಕ್ರಕ್ಕೆ ‘ಘಂಟಿ’ ಎನ್ನುತ್ತಾರೆ. ಗುಜರಾತಿಯಲ್ಲಿ ಆ ಮಾತಿಗೆ ಬೀಸುವ ಕಲ್ಲು ಎಂದೇ ಅರ್ಥ. ಸೌರಾಷ್ಟ್ರದಿಂದ ಬಂದ ಕೆಲಸಗಾರ ಅದರ ಮುಂದೆ ಕುಳಿತು, ಕಣ್ಣಿಗೆ ಭೂತಗನ್ನಡಿ ಹಿಡಿದು, ಅಕ್ಕಿಕಾಳಿಗಿಂತ ಚಿಕ್ಕ ಹರಳಿಗೆ ಮುಖ ಕೊರೆಯುತ್ತಾನೆ. ದುಂಡು ಹರಳಿಗೆ ೫೭ ಮುಖಗಳು. ಕೂಲಿ ಹರಳಿನ ಲೆಕ್ಕ. ಅವನ ತನ್ಮಯತೆಯನ್ನು ಲೇಖಕರು ಕಂಡಿದ್ದರೆ ಖಂಡಿತ ಒಂದು ಅಧ್ಯಾಯ ಬರೆಯುತ್ತಿದ್ದರು. ಕುಮಾನೊ ಎಂಬಲ್ಲಿ ಬ್ರಷ್ಷಿನ ಕೂದಲುಗಳನ್ನು ಜೋಡಿಸುವ ಹೆಂಗಸಿನ ಏಕಾಗ್ರತೆಯನ್ನು ಹಾಗೆಯೇ ಹೊಗಳಿದ್ದಾರೆ. ಆದರೆ ಆಕೆಯ ಕೂಲಿಯೆಷ್ಟು, ಗಿರಾಕಿ ನಿಂತರೆ ಗತಿಯೇನು ಎಂದು ಪುಸ್ತಕ ಕೇಳುವುದಿಲ್ಲ. ೨೦೦೮ರ ಮುಗ್ಗಟ್ಟಿನಲ್ಲಿ ಇಲ್ಲಿನ ಕಾರ್ಖಾನೆಗಳು ಬಾಗಿಲು ಹಾಕಿ ಸಾವಿರಾರು ಜನ ಊರಿಗೆ ಮರಳಿದರು. ಕೈಯಲ್ಲಿನ ಕಸಬು ಎಲ್ಲೂ ಹೋಗಿರಲಿಲ್ಲ. ಹೋದದ್ದು ನಾಲ್ಕನೆಯ ವೃತ್ತ ಮಾತ್ರ. ಚಿತ್ರದ ಪ್ರಕಾರ ಅವರ ಇಕಿಗಾಯಿಯೂ ಅಂದೇ ಮುಗಿಯಿತು. ನಿವೃತ್ತನಾದ ತಂದೆ, ಜೀವಮಾನವೆಲ್ಲ ಸಂಬಳವಿಲ್ಲದೆ ಒಲೆಯ ಮುಂದೆ ನಿಂತ ತಾಯಿ, ಇವರೂ ಆ ಚಿತ್ರದ ಹೊರಗೇ.

ಜಪಾನೀಯರು ಈ ಮಾತನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆಂದು ತಿಳಿಯಬೇಕಾದರೆ ಮಿಯೆಕೊ ಕಾಮಿಯಾ (೧೯೧೪–೧೯೭೯) ಎಂಬ ಮನೋವೈದ್ಯೆಯ ಕಡೆ ನೋಡಬೇಕು. ‘ಇಕಿಗಾಯಿಯನ್ನು ಕುರಿತು’ ಎಂಬ ಅರ್ಥದ ಹೆಸರಿನ ಅವರ ಗ್ರಂಥ ೧೯೬೬ರದು. ನಾಗಾಶಿಮಾ ಎಂಬ ದ್ವೀಪದ ಕುಷ್ಠರೋಗಿಗಳ ಆಶ್ರಮದಲ್ಲಿ ಆಕೆ ಕೆಲಸ ಮಾಡಿದರು. ರೋಗಿಗಳನ್ನು ಮನೆಮಠದಿಂದ ದೂರವಿಡುವ ಕಾನೂನು ಜಪಾನಿನಲ್ಲಿ ರದ್ದಾದದ್ದು ೧೯೯೬ರಲ್ಲಿ. ದ್ವೀಪಕ್ಕೆ ಸೇತುವೆ ಬಂದದ್ದೇ ೧೯೮೮ರಲ್ಲಿ. ಒಂದೇ ರೋಗ, ಒಂದೇ ಆವರಣ, ಒಂದೇ ಅನ್ನ. ಆದರೂ ಕೆಲವರು ದಿನ ದೂಡಲಾರದೆ ಕುಸಿದರೆ ಕೆಲವರು ತುಂಬಿದ ಬಾಳು ಬಾಳುತ್ತಾರೆ, ಏಕೆ? ಕಾಮಿಯಾ ಅವರನ್ನು ಕಾಡಿದ ಪ್ರಶ್ನೆ ಇದು. ಬಾಳಿಗೆ ಆಸರೆಯಾಗುವ ವಸ್ತು ಬೇರೆ, ಬಾಳಬೇಕೆಂಬ ಒಳಗಿನ ಅನುಭವ ಬೇರೆ ಎಂದು ಅವರು ಬಿಡಿಸಿ ಹೇಳಿದರು. ಸಂಬಳ, ಹುದ್ದೆ, ಪೇಟೆ ಯಾವುದೂ ಇಲ್ಲದ ಕಡೆ ಹುಟ್ಟಿದ ವಿಚಾರವನ್ನು ಉದ್ಯೋಗ ಹುಡುಕುವ ನಕಾಶೆಯಾಗಿ ಮಾರುವುದು ನನಗೆ ಸರಿಕಾಣುವುದಿಲ್ಲ.

‘ಇದೆಲ್ಲ ನಮ್ಮ ಶರಣರು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ್ದಾರೆ’ ಎಂಬುದು ನಮ್ಮ ವೇದಿಕೆಗಳ ಸಿದ್ಧ ಉತ್ತರ. ಹಾಗೆ ಹೇಳಿಬಿಡುವುದು ಸುಲಭ. ಕಾಯಕವನ್ನು ಕೈಲಾಸವೆಂದ ಮಾತು ಆಯ್ದಕ್ಕಿ ಮಾರಯ್ಯನ ವಚನದ್ದು. ಭಾಷಣಕಾರರು ಅದನ್ನು ಬಸವಣ್ಣನವರಿಗೆ ಒಪ್ಪಿಸುತ್ತಾರೆ, ಕೆಲವು ಯಜಮಾನರು ಕೆಲಸಗಾರನ ಬಾಯಿ ಮುಚ್ಚಿಸಲು ಬಳಸುತ್ತಾರೆ. ಮಾರಯ್ಯನಿಗೆ ದುಡಿಮೆ ಬಿಟ್ಟರೆ ಪೂಜೆಯೂ ಇಲ್ಲ; ಓಗಿಮಿಯ ಮುದುಕಿಗೆ ದುಡಿಯಲೇಬೇಕೆಂಬ ಕಟ್ಟಿಲ್ಲ, ಮೊಮ್ಮಗಳ ಮುಖವೇ ಸಾಕು. ಎರಡೂ ಒಂದೇ ಅಲ್ಲ. ಹೋಲಿಕೆ ಇರುವುದು ಬೇರೆ ಕಡೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಇಷ್ಟು ಸಾಕು ಎಂದು ಹೇಳುವ ವೃತ್ತ ಆ ಚಿತ್ರದಲ್ಲಿ ಎಲ್ಲಿದೆ?

ಪುಸ್ತಕ ಕೊಂಡವರು ಓಗಿಮಿಯ ಅಧ್ಯಾಯಗಳನ್ನು ಮನೆಯ ಹಿರಿಯರಿಗೆ ಓದಿ ಹೇಳಲಿ. ಅವರು ತಮ್ಮ ಊರಿನ ಹಿತ್ತಿಲನ್ನು ನೆನೆದಾರು. ಹತ್ತನೆಯ ತರಗತಿ ಮುಗಿಸಿದ ಮಗನ ಮುಂದೆ ಮಾತ್ರ ಆ ವೃತ್ತಗಳ ಪುಟ ತೆರೆದಿಟ್ಟು ‘ಇದರಲ್ಲಿ ನೀನೆಲ್ಲಿದ್ದೀ?’ ಎಂದು ಕೇಳುವುದು ಬೇಡ.