ಕೋನ ಉಳಿಸುವ ಶಾಸ್ತ್ರ: ಕಾನ್ಫಾರ್ಮಲ್ ಕ್ಷೇತ್ರ ಸಿದ್ಧಾಂತದ ರಸಿಕರಿಗೊಂದು ಕೈಪಿಡಿ

ಉದ್ದ ಬದಲಾದರೂ ಕೋನ ಕೆಡದಂತೆ ಮೇಲ್ಮೈಯನ್ನು ಎಳೆಯುವುದಕ್ಕೆ ಕಾನ್ಫಾರ್ಮಲ್ ಪರಿವರ್ತನೆ ಎಂದು ಹೆಸರು. 1569ರ ಮರ್ಕೇಟರ್ ಭೂಪಟ ಇದಕ್ಕೆ ಹಳೆಯ ಉದಾಹರಣೆ. ಅದರಲ್ಲಿ ಗ್ರೀನ್‌ಲ್ಯಾಂಡ್ ವಿಪರೀತ ಉಬ್ಬಿದೆ, ಆದರೆ ಹಡಗಿನ ದಿಕ್ಕು ತಪ್ಪುವುದಿಲ್ಲ. ಇಂಥ ಎಳೆತಕ್ಕೆ ಮಣಿದೂ ನಿಯಮ ಬಿಡದ ಭೌತವ್ಯವಸ್ಥೆಗಳ ಶಾಸ್ತ್ರವೇ ಕಾನ್ಫಾರ್ಮಲ್ ಕ್ಷೇತ್ರ ಸಿದ್ಧಾಂತ.

ಮೂರು ಆಯಾಮಗಳಲ್ಲಿ ಈ ಸ್ವಾತಂತ್ರ್ಯ ಅಲ್ಪ; ಹತ್ತು ಸಂಖ್ಯೆಗಳನ್ನು ಹೇಳಿದರೆ ಪರಿವರ್ತನೆ ಪೂರ್ತಿ ನಿರ್ಧಾರವಾಗುತ್ತದೆ. ಎರಡು ಆಯಾಮಗಳಿಗೆ ಇಳಿದರೆ ಕಟ್ಟೆ ಒಡೆದಂತೆ. ಸಮತಲದ ಪ್ರತಿ ಬಿಂದುವನ್ನೂ ಒಂದು ಸಂಕೀರ್ಣ ಸಂಖ್ಯೆಯಾಗಿ ಬರೆದರೆ, ಆ ಸಂಖ್ಯೆಯ ಬಹುಪಾಲು ಪರಿಚಿತ ಫಲನಗಳೆಲ್ಲ, ಕೆಲವು ಬಿಂದುಗಳ ಹೊರತು, ಕೋನವನ್ನು ಕಾಯುತ್ತವೆ. ಬರ್ನ್‌ಹಾರ್ಡ್ ರೀಮನ್ 1851ರ ಪ್ರಬಂಧದಲ್ಲಿ ಇದೇ ಫಲನಗಳಿಗೆ ಮನೆಯಾಗಿ ಹೊಸ ಬಗೆಯ ಮೇಲ್ಮೈಗಳನ್ನು ಕಟ್ಟಿದರು. 1984ರಲ್ಲಿ ಬೆಲಾವಿನ್, ಪಾಲಿಯಾಕೊವ್, ಜಮೊಲೊಡ್ಚಿಕೊವ್ ಈ ಅನಂತ ಸ್ವಾತಂತ್ರ್ಯವನ್ನು ಭೌತಶಾಸ್ತ್ರದಲ್ಲಿ ದುಡಿಸಿದರು. ಇಲ್ಲಿ ರೇಖಾಗಣಿತ ಅಲಂಕಾರವಲ್ಲ, ಲೆಕ್ಕ ನಡೆಸುವುದೇ ಅದು.

ರುಚಿ ಹಿಡಿಯಲು ಐಸಿಂಗ್ ಮಾದರಿಗಿಂತ ಒಳ್ಳೆಯ ಬಾಗಿಲಿಲ್ಲ. ರಂಗೋಲಿ ಚುಕ್ಕಿಗಳಂತೆ ಸಾಲಾಗಿಟ್ಟ ಪುಟ್ಟ ಅಯಸ್ಕಾಂತಗಳು. ಪ್ರತಿಯೊಂದರ ಮುಖ ಮೇಲಕ್ಕೆ ಇಲ್ಲವೇ ಕೆಳಕ್ಕೆ. ಬಿಸಿ ಹೆಚ್ಚಿದ್ದರೆ ಎಲ್ಲವೂ ಚೆಲ್ಲಾಪಿಲ್ಲಿ, ಕಡಿಮೆಯಿದ್ದರೆ ಹೆಚ್ಚಿನವು ಒಂದೇ ಕಡೆ ಮುಖ. ನಡುವಿನ ಒಂದೇ ಒಂದು ಉಷ್ಣತೆಯಲ್ಲಿ ಎಲ್ಲ ಗಾತ್ರದ ದ್ವೀಪಗಳೂ ಒಟ್ಟಿಗೆ ಏಳುತ್ತವೆ. ದೂರದಿಂದ ನೋಡಿದರೂ ಹತ್ತಿರದಿಂದ ನೋಡಿದರೂ ಚಿತ್ರ ಒಂದೇ ತೆರ. ಅಲ್ಲಿ ಎರಡು ಅಯಸ್ಕಾಂತಗಳ ನಡುವಿನ ನಂಟು ಅರ್ಧಕ್ಕೆ ಇಳಿಯಬೇಕಾದರೆ ದೂರ ಹದಿನಾರು ಪಟ್ಟಾಗಬೇಕು. ಲಾರ್ಸ್ ಆನ್ಸೇಜರ್ 1944ರಲ್ಲಿ ಬಹಳ ಕಷ್ಟದ ಲೆಕ್ಕದಿಂದ ಬಿಡಿಸಿದ ಈ ಮಾದರಿ, ಹೊಸ ಸಿದ್ಧಾಂತದಲ್ಲಿ ಮೂರೇ ಮೂಲಕ್ಷೇತ್ರಗಳಿಗೆ ಇಳಿಯುತ್ತದೆ: ಏಕ, ಸಿಗ್ಮಾ, ಎಪ್ಸಿಲಾನ್.

ಗೋಳದ ಮೇಲೆ ಮೂರು ಬಿಂದುಗಳನ್ನು ಕೋನ ಕೆಡದಂತೆ ಬೇಕಾದ ಮೂರು ಜಾಗಗಳಿಗೆ ಸರಿಸಬಹುದು. ನಾಲ್ಕನೆಯದು ಬಂದಾಗ ಒಂದು ಸಂಖ್ಯೆ ಉಳಿದೇ ತೀರುತ್ತದೆ. ಅಲ್ಲಿಂದ ಮುಂದೆ ಕೋಡುಬಳೆಯ ಮೇಲ್ಮೈ. ಸಮಾಂತರ ಚತುರ್ಭುಜದ ಎದುರುಬದುರು ಅಂಚುಗಳನ್ನು ಅಂಟಿಸಿದರೆ ಅದು ಸಿದ್ಧ. ಕಾಲವನ್ನು ಬಳೆಯ ಉದ್ದಕ್ಕೂ ಓಡಿಸಬಹುದು, ಅಡ್ಡಕ್ಕೂ ಓಡಿಸಬಹುದು; ಮೇಲ್ಮೈ ಒಂದೇ ಆದ್ದರಿಂದ ಉತ್ತರವೂ ಒಂದೇ ಆಗಬೇಕು. ಜಾನ್ ಕಾರ್ಡಿ 1986ರಲ್ಲಿ ತೋರಿಸಿದಂತೆ, ಇಷ್ಟು ಸರಳವಾದ ಈ ಹಟ ಯಾವ ಕ್ಷೇತ್ರಗಳು ಒಟ್ಟಿಗೆ ಬಾಳಬಲ್ಲವು ಎಂಬುದನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ.

ಎರಡು ರಂಧ್ರಗಳ ಮೇಲ್ಮೈಯಲ್ಲಿ ಈ ಶಾಸ್ತ್ರದ ಸೊಗಸು ಕೈಗೆ ಸಿಗುತ್ತದೆ. ಇಲ್ಲಿ ಪೆನ್ಸಿಲ್ ಹಿಡಿದು ಕೂರುವುದು ಲೇಸು. ಮೂರು ಕಡೆ ಕತ್ತರಿಸಿದರೆ ಅದು ಎರಡು ಪೈಜಾಮಗಳಾಗಿ ಬಿಚ್ಚಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಒಂದು ಸೊಂಟ, ಎರಡು ಕಾಲು. ಪ್ರತಿ ಹೊಲಿಗೆಗೂ ಮೂರು ಕ್ಷೇತ್ರಗಳಲ್ಲಿ ಒಂದರ ಹೆಸರು ಬರೆಯಬೇಕು. ಒಂದೇ ಪೈಜಾಮದ ಮೂರು ಬಾಯಿಗಳಿಗೆ ನಿಯಮವಿಷ್ಟು: ಸಿಗ್ಮಾ ಎರಡು ಬಾರಿ ಬಂದರೆ ಮೂರನೆಯದು ಏಕ ಅಥವಾ ಎಪ್ಸಿಲಾನ್, ಸಿಗ್ಮಾ ಇಲ್ಲವೇ ಇಲ್ಲದಿದ್ದರೆ ಎಪ್ಸಿಲಾನ್ ಸೊನ್ನೆ ಅಥವಾ ಎರಡು ಬಾರಿ, ಬೇರೆ ಯಾವುದೂ ಸಲ್ಲದು. ಸೊಂಟಕ್ಕೆ ಸೊಂಟ, ಕಾಲಿಗೆ ಕಾಲು ಹೊಲಿದರೆ ಸಲ್ಲುವ ಬರಹಗಳು ಮೂರು ಏಕಗಳದ್ದು ಒಂದು, ಏಕದೊಡನೆ ಎರಡು ಎಪ್ಸಿಲಾನ್‌ಗಳದ್ದು ಮೂರು, ಏಕದೊಡನೆ ಎರಡು ಸಿಗ್ಮಾಗಳದ್ದು ಮೂರು, ಎಪ್ಸಿಲಾನ್‌ನೊಡನೆ ಎರಡು ಸಿಗ್ಮಾಗಳದ್ದು ಮೂರು: ಒಟ್ಟು 10. ಇನ್ನು ಬೇರೆ ರೀತಿ ಹೊಲಿಯೋಣ. ಪ್ರತಿ ಪೈಜಾಮದ ಕಾಲುಗಳನ್ನು ಒಂದಕ್ಕೊಂದು ಸೇರಿಸಿ, ಸೊಂಟಗಳನ್ನು ಜೋಡಿಸಿದರೂ ಅದೇ ಎರಡು ರಂಧ್ರಗಳು. ನಡುವೆ ಏಕವಿದ್ದರೆ ಎರಡೂ ಕಡೆ ಮೂರು ಮೂರು ಆಯ್ಕೆ, ಅಂದರೆ 9. ಎಪ್ಸಿಲಾನ್ ಇದ್ದರೆ 1. ಸಿಗ್ಮಾ ಇದ್ದರೆ ಒಂದೂ ಇಲ್ಲ. ಮತ್ತೆ 10. ಹೊಲಿಗೆ ಬೇರೆ, ಎಣಿಕೆ ಅದೇ.

ಎರಿಕ್ ವರ್ಲಿಂಡೆ 1988ರಲ್ಲಿ ಕೊಟ್ಟ ಸೂತ್ರ ಈ ಎಣಿಕೆಯನ್ನು ಕೋಡುಬಳೆಯಿಂದಲೇ ತೆಗೆಯುತ್ತದೆ. ಬಳೆಯ ಉದ್ದ ಅಡ್ಡಗಳನ್ನು ಅದಲುಬದಲು ಮಾಡಿದಾಗ ಸಿಗುವ ಮೂರು ಸಂಖ್ಯೆಗಳ ವರ್ಗಗಳು ಕಾಲು, ಕಾಲು, ಅರ್ಧ. ಅವುಗಳ ವಿಲೋಮಗಳನ್ನು ಕೂಡಿದರೆ 4, 4, 2 ಸೇರಿ 10.

ಮೇಲ್ಮೈಯ ಆಕಾರಕ್ಕೂ ಹೊಲಿಗೆಗೂ ನೇರ ನಂಟಿದೆ. ಎರಡು ಅಥವಾ ಹೆಚ್ಚು ರಂಧ್ರಗಳಿದ್ದಾಗ, ರಂಧ್ರಗಳ ಸಂಖ್ಯೆಯ ಮೂರು ಪಟ್ಟಿನಲ್ಲಿ ಮೂರು ಕಳೆದಷ್ಟು ಸಂಕೀರ್ಣ ಸಂಖ್ಯೆಗಳು ಆಕಾರವನ್ನು ಹೇಳುತ್ತವೆ ಎಂದು ರೀಮನ್ 1857ರಲ್ಲೇ ಎಣಿಸಿದ್ದರು. ಪೈಜಾಮದ ಹೊಲಿಗೆಗಳೂ ಅಷ್ಟೇ. ಪ್ರತಿ ಹೊಲಿಗೆಗೆ ಒಂದು ಸುತ್ತಳತೆ, ಒಂದು ತಿರುಚು.

ಹೊಲಿಗೆಗಳ ಮೇಲಿನ ಬರಹಗಳ ಎಣಿಕೆಗೆ ಬೀಜಗಣಿತೀಯ ಜ್ಯಾಮಿತಿಯಲ್ಲಿ ಇನ್ನೊಂದು ಮುಖವಿದೆ. ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ 1965ರಲ್ಲಿ ರೀಮನ್ ಮೇಲ್ಮೈಯ ಸ್ಥಿರ ಸದಿಶ ಬಂಡಲ್‌ಗಳನ್ನು ಅದರ ಮೇಲಿನ ಕುಣಿಕೆಗಳ ಗುಂಪಿನ ಯೂನಿಟರಿ ನಿರೂಪಣೆಗಳೊಡನೆ ಹೊಂದಿಸಿದರು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ನರಸಿಂಹನ್, ಟಿ. ಆರ್. ರಾಮದಾಸ್ ಅವರೊಡನೆ 1993ರಲ್ಲಿ ಪ್ರಕಟಿಸಿದ ಲೇಖನದ ವಿಷಯ ನೇರವಾಗಿ ಇದೇ: ಮೇಲ್ಮೈಯ ಒಂದು ಕುಣಿಕೆಯನ್ನು ಬಿಂದುವಾಗುವವರೆಗೆ ಹಿಂಡಿದಾಗ, ಅಂಥ ಬಂಡಲ್‌ಗಳ ಮೇಲಿನ ಥೀಟಾ ಫಲನಗಳು ಹೊಲಿಗೆಯ ನಿಯಮದಂತೆಯೇ ಬಿಡಿಬಿಡಿಯಾಗಿ ಒಡೆಯುತ್ತವೆ.