ಕಾಯಿಲ್ ಬದಲಿಸುವ ಮುನ್ನ ಮೀಟರ್ ಹಚ್ಚಿ

ಬೇಸಿಗೆ ಬಂತೆಂದರೆ ಅಂಬಾಸಿಡರ್, ಪದ್ಮಿನಿಗಳ ಒಡೆಯರ ದೂರು ಶುರು. ಗಾಡಿ ಸ್ವಲ್ಪ ಹೊತ್ತು ಓಡಿ ಮಿಸ್ ಹೊಡೆದು ನಿಲ್ಲುತ್ತದೆ, ಕಾಯಿಲ್ ಮುಟ್ಟಿದರೆ ಕೈ ಸುಡುತ್ತದೆ. ಗ್ಯಾರೇಜಿನವರು ಹೊಸ ಕಾಯಿಲ್ ಹಾಕುತ್ತಾರೆ, ವಾರದೊಳಗೆ ಅದೂ ಸುಡುತ್ತದೆ. ಕಾಯಿಲ್ ಬಿಸಿಯಾಗುವುದು ಸಹಜ. ಅತಿಯಾಗಿ ಕಾದರೆ ಅದಕ್ಕೆ ಹರಿಯುತ್ತಿರುವ ಕರೆಂಟನ್ನು ಮೊದಲು ಅನುಮಾನಿಸಬೇಕು ಎಂಬುದೇ ನನ್ನ ವಾದ.

ಲೆಕ್ಕ ಸರಳ. ಬ್ಯಾಲಾಸ್ಟ್ ರೆಸಿಸ್ಟರ್ ಇಲ್ಲದ ಗಾಡಿಗೆ ಪ್ರೈಮರಿ ಸುಮಾರು 3 ಓಮ್ ಇರುವ ಕಾಯಿಲ್ ಬೇಕು. ಎಂಜಿನ್ ನಿಂತು, ಕೀ ಆನ್ ಇದ್ದು, ಪಾಯಿಂಟ್ ಮುಚ್ಚಿಕೊಂಡಿದ್ದರೆ 12 ವೋಲ್ಟಿಗೆ 4 ಆಂಪಿಯರ್ ಹರಿದು 48 ವಾಟ್ ಶಾಖ ಆ ಡಬ್ಬಿಯೊಳಗೇ ಕೂರುತ್ತದೆ. ರೇಡಿಯೋ ಕೇಳಲೆಂದು ಇಗ್ನಿಷನ್ ಆನ್ ಬಿಡುವವರು ಇದನ್ನು ನೆನಪಿಡಬೇಕು. ಅದೇ ಜಾಗಕ್ಕೆ ಬ್ಯಾಲಾಸ್ಟಿನ ಜೊತೆ ಕೆಲಸ ಮಾಡಬೇಕಾದ 1.5 ಓಮ್ ಕಾಯಿಲ್ ಕೂರಿಸಿದರೆ 8 ಆಂಪಿಯರ್, 96 ವಾಟ್. ಎರಡೂ ಹೊರಗಿನಿಂದ ನೋಡಲು ಒಂದೇ. ಬಣ್ಣದ ‘ಸ್ಪೋರ್ಟ್ಸ್ ಕಾಯಿಲ್’ ಮೋಹಕ್ಕೆ ನಾನು ಬಹುಕಾಲದಿಂದ ವಿರೋಧಿ: ಓಮ್ ನೋಡದೆ ಹಾಕಿದರೆ ಪಿಕಪ್ ಬರುವ ಮೊದಲು ಪಾಯಿಂಟ್ ಸುಡುತ್ತದೆ. ಆಮೇಲೆ ಪಾಯಿಂಟ್ ಗ್ಯಾಪ್. ಲೂಕಾಸ್‌ನ ನಾಲ್ಕು ಸಿಲಿಂಡರಿನ ಡಿಸ್ಟ್ರಿಬ್ಯೂಟರಿನಲ್ಲಿ ಪ್ರತಿ 90 ಡಿಗ್ರಿಗೆ ಸುಮಾರು 60 ಡಿಗ್ರಿ ಪಾಯಿಂಟ್ ಮುಚ್ಚಿರುತ್ತದೆ. ಹೀಲ್ ಸವೆದು 15 ಥೌ ಗ್ಯಾಪ್ ಕಿರಿದಾದಷ್ಟೂ ಕಾಯಿಲಿಗೆ ವಿಶ್ರಾಂತಿ ಕಡಿಮೆ.

‘ಕಾಯಿಲ್ ಬದಲಿಸಿದೊಡನೆ ಗಾಡಿ ಹೊರಟಿತಲ್ಲ’ ಎನ್ನುವವರಿದ್ದಾರೆ. ಹೊಸದನ್ನು ತಂದು ಕೂರಿಸುವಷ್ಟರಲ್ಲಿ ಎಂಜಿನ್ನೂ ಪೆಟ್ರೋಲ್ ಪಂಪೂ ತಣ್ಣಗಾಗಿರುತ್ತವೆ. ವೇಪರ್ ಲಾಕ್ ಆಗಿದ್ದರೂ ಅಷ್ಟರಲ್ಲಿ ಬಿಟ್ಟಿರುತ್ತದೆ. ಕಾದ ಕಾಯಿಲ್ ಮೇಲೆ ಒದ್ದೆ ಬಟ್ಟೆ ಹಾಕುವ ಪಂಥದವರ ಯಶಸ್ಸಿಗೂ ಇದೇ ಕಾರಣವಿರಬಹುದು. ಗಾಡಿ ನಿಂತ ಕ್ಷಣವೇ ಕಿಡಿ ನೋಡಿದರೆ ಗೊಂದಲ ತೀರುತ್ತದೆ: ಕಿಡಿ ಜೋರಾಗಿದ್ದರೆ ಪೆಟ್ರೋಲಿನ ಕಡೆ ನೋಡಿ. ಕಿಡಿ ಸತ್ತಿದ್ದರೆ ಕಂಡೆನ್ಸರ್ ಮೊದಲು, ಕಾಯಿಲ್ ಆಮೇಲೆ. ನಿಜಕ್ಕೂ ಕೆಟ್ಟ ಕಾಯಿಲ್‌ಗಳೂ ಇವೆ, ಒಪ್ಪುತ್ತೇನೆ. ಒಳಗಿನ ಇನ್ಸುಲೇಷನ್ ಬಿಸಿಯಲ್ಲಿ ಮಾತ್ರ ಸೋಲುವುದರಿಂದ ತಣ್ಣಗಿದ್ದಾಗ ಮೀಟರ್ ಸರಿಯಾಗಿಯೇ ತೋರಿಸುತ್ತದೆ. ಅಂಥದ್ದನ್ನು ಬಿಸಿಯಿದ್ದಾಗಲೇ ಪರೀಕ್ಷಿಸಿ, 3 ಓಮಿನದನ್ನೇ ಕೇಳಿ ತಂದು, ಎಕ್ಸಾಸ್ಟಿನ ಶಾಖ ತಾಗದ ಕಡೆ ಬಿಗಿಯಿರಿ.