ಅಕ್ಷಿಪಟಲದ ರಕ್ಷಣೆ ಮತ್ತು ಸಸ್ಯದ್ರವ್ಯಗಳು: ಒಂದು ವಿಮರ್ಶೆ

ಕಣ್ಣಿನ ಅಕ್ಷಿಪಟಲಕ್ಕೆ ರಕ್ತ ಸಾಲದೆ ಹೋದಾಗ ಒದಗುವ ಹಾನಿಯನ್ನು ಸಸ್ಯಮೂಲದ ದ್ರವ್ಯಗಳಿಂದ ತಡೆಯಬಹುದೆಂಬ ವಾದವು ಈಚಿನ ದಶಕಗಳಲ್ಲಿ ವಿಪುಲವಾದ ಸಂಶೋಧನ ಸಾಹಿತ್ಯವನ್ನು ಬೆಳೆಸಿದೆ. ಅರಿಸಿನದ ಕರ್ಕ್ಯುಮಿನ್, ದ್ರಾಕ್ಷಿಯ ಸಿಪ್ಪೆಯ ರೆಸ್ವೆರಟ್ರಾಲ್, ಹಸುರು ಚಹದ ಕ್ಯಾಟೆಚಿನ್‌ಗಳು, ಗಿಂಕ್ಗೊ ಎಲೆಯ ಸಾರ ಮೊದಲಾದುವು ಅದರಲ್ಲಿ ಮತ್ತೆ ಮತ್ತೆ ಕಾಣಬರುತ್ತವೆ.

ವಾದದ ಬುಡ ಗಟ್ಟಿಯಾದುದೇ. ಅಕ್ಷಿಪಟಲವು ದೇಹದಲ್ಲಿ ಅತ್ಯಧಿಕ ಆಮ್ಲಜನಕವನ್ನು ಬಳಸುವ ಅಂಗಾಂಶಗಳಲ್ಲೊಂದು. ರಕ್ತ ನಿಂತರೆ ಕೋಶಗಳ ಶಕ್ತಿ ಬತ್ತುತ್ತದೆ. ಗ್ಲುಟಮೇಟ್ ಮಿತಿಮೀರಿ ಶೇಖರವಾಗಿ ಕ್ಯಾಲ್ಸಿಯಂ ಕೋಶದೊಳಕ್ಕೆ ನುಗ್ಗುತ್ತದೆ. ರಕ್ತ ಮರಳಿ ಹರಿದಾಗ ಆಮ್ಲಜನಕದ ಉಗ್ರರೂಪಗಳು ಹುಟ್ಟಿ ಉಳಿದುದನ್ನೂ ಕೆಡಿಸುತ್ತವೆ. ಈ ಉಗ್ರತೆಯನ್ನು ಶಮನಗೊಳಿಸುವ ಗುಣ ಮೇಲ್ಕಂಡ ದ್ರವ್ಯಗಳಿಗೆ ಉಂಟೆಂಬುದು ಪ್ರಯೋಗಶಾಲೆಯಲ್ಲಿ ಕಂಡುಬಂದ ಮಾತು.

ಆದರೆ ಪ್ರಯೋಗ ನಡೆದುದು ಯಾವ ಕಣ್ಣಿನಲ್ಲಿ, ಯಾವ ಹೊತ್ತಿನಲ್ಲಿ ಎಂಬುದು ಮುಖ್ಯ. ಇಲಿಯ ಕಣ್ಣೊಳಗಿನ ಒತ್ತಡವನ್ನು ಅದರ ರಕ್ತದೊತ್ತಡಕ್ಕಿಂತ ಮೇಲೇರಿಸಿ, ಸುಮಾರು ಒಂದು ಗಂಟೆ ರಕ್ತವನ್ನು ತಡೆದು, ಬಳಿಕ ಬಿಡುವುದು ರೂಢಿಯ ಕ್ರಮ. ಅನೇಕ ಪ್ರಯೋಗಗಳಲ್ಲಿ ಔಷಧವನ್ನು ಮುಂಚಿತವಾಗಿಯೇ ಕೊಟ್ಟಿರುತ್ತಾರೆ. ಮನುಷ್ಯನಿಗೆ ಅಂತಹ ಮುನ್ಸೂಚನೆ ಎಲ್ಲಿಯದು? ಭಾರತದಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ದುಡಿದ ನೇತ್ರತಜ್ಞ ಸೋಹನ್ ಸಿಂಗ್ ಹೇರೆಯವರ ಕೋತಿಗಳ ಅಧ್ಯಯನ ಇಲ್ಲಿ ಸ್ಮರಣೀಯ. ಅಕ್ಷಿಪಟಲದ ಮುಖ್ಯ ಧಮನಿಯ ತಡೆಯನ್ನು ಕಣ್ಣು ಸುಮಾರು 97 ನಿಮಿಷಗಳವರೆಗೆ ಸಹಿಸಿತು. 240 ನಿಮಿಷಗಳಾದಾಗ ಹಾನಿ ತೀವ್ರವೂ ಶಾಶ್ವತವೂ ಆಯಿತು.

ಮನುಷ್ಯರಲ್ಲಿ ದೊರೆತಿರುವ ಪ್ರಮಾಣಗಳ ಗತಿಯೇನು? ಕಣ್ಣಿನ ರಕ್ತಸಂಚಾರ ಕುಂದುವುದೂ ಕಾರಣಗಳಲ್ಲೊಂದೆಂದು ಶಂಕಿಸಲಾದ, ಒತ್ತಡ ಹೆಚ್ಚದ ಗ್ಲಾಕೋಮಾದಲ್ಲಿ ಗಿಂಕ್ಗೊ ಸಾರವು ದೃಷ್ಟಿಕ್ಷೇತ್ರವನ್ನು ಸುಧಾರಿಸಿತೆಂದು 2003ರಲ್ಲಿ ಇಟಲಿಯ ಸಂಶೋಧಕರು ವರದಿಮಾಡಿದರು. ರೋಗಿಗಳು 27 ಮಂದಿ, ಚಿಕಿತ್ಸೆಯ ಅವಧಿ ನಾಲ್ಕು ವಾರ. 2014ರಲ್ಲಿ ಚೀನದ ರೋಗಿಗಳಲ್ಲಿ ಅದೇ ಬಗೆಯ ಪರೀಕ್ಷೆ ನಡೆದಾಗ ಆ ಫಲ ಕಾಣಲಿಲ್ಲ. ಕರ್ಕ್ಯುಮಿನ್ನಿನ ಸ್ಥಿತಿಯೂ ಉತ್ತಮವಲ್ಲ. ಅದು ದೇಹದಲ್ಲಿ ಬಹುಬೇಗ ಒಡೆದುಹೋಗುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ ಎಂಬುದನ್ನು 2017ರಲ್ಲಿ ನೆಲ್ಸನ್ ಮತ್ತು ಸಹೋದ್ಯೋಗಿಗಳು ತಮ್ಮ ವಿಸ್ತಾರವಾದ ಸಮೀಕ್ಷೆಯಲ್ಲಿ ಎತ್ತಿ ತೋರಿಸಿದರು. ಅರಿಸಿನದ ತೂಕದಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಕೆಲವು ಪಾಲು. ಅಡುಗೆಯ ಅರಿಸಿನವು ಅಕ್ಷಿಪಟಲವನ್ನು ಕಾಯುವುದೆಂದು ಇದರಿಂದ ಊಹಿಸುವುದು ತರ್ಕವಲ್ಲ.

ಸಸ್ಯಮೂಲವಾದುದೆಲ್ಲ ವ್ಯರ್ಥವೆಂದು ಇದರ ಅರ್ಥವಲ್ಲ. ಜಬೊರಾಂಡಿ ಗಿಡದ ಪೈಲೊಕಾರ್ಪಿನ್ 19ನೆಯ ಶತಮಾನದಿಂದಲೂ ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡವನ್ನು ಇಳಿಸುತ್ತ ಬಂದಿದೆ. ಅದಕ್ಕೆ ಮನ್ನಣೆ ದೊರೆತುದು ಗಿಡದಲ್ಲಿ ಹುಟ್ಟಿತೆಂಬ ಕಾರಣಕ್ಕಲ್ಲ, ಮನುಷ್ಯನ ಕಣ್ಣಿನಲ್ಲಿ ಅಳೆಯಬಹುದಾದ ಫಲವನ್ನು ತೋರಿತೆಂಬುದಕ್ಕೆ. ಗಿಡದ ಹೆಸರು ಪರಿಚಿತವಾದಷ್ಟೂ ಪ್ರಮಾಣದ ಬಯಕೆ ಸಡಿಲವಾಗುವುದು ಓದುಗನ ಸಹಜ ದೌರ್ಬಲ್ಯ. ವಿಜ್ಞಾನಲೇಖಕನು ಅದಕ್ಕೆ ಒತ್ತಾಸೆಯಾಗಬಾರದು.

ಇಂತಹ ಸಂಶೋಧನೆಯನ್ನು ಕನ್ನಡಕ್ಕೆ ತರುವವರು ‘ಇಲಿಯಲ್ಲಿ’ ಎಂಬ ಒಂದು ಪದವನ್ನು ಬಿಟ್ಟರೆ ವಾಕ್ಯ ಸರಾಗವಾದೀತು, ಅರ್ಥ ಮಾತ್ರ ಸುಳ್ಳಾಗುತ್ತದೆ. ನೋವಿಲ್ಲದೆ ಒಂದು ಕಣ್ಣು ಥಟ್ಟನೆ ಮಬ್ಬಾಗುವುದು ಪಾರ್ಶ್ವವಾಯುವಿನಷ್ಟೇ ತುರ್ತಿನ ಸಂಗತಿ. ಆ ಹೊತ್ತಿನಲ್ಲಿ ಅರಿಸಿನದ ಹಾಲನ್ನು ನೆಚ್ಚಿ ಕುಳಿತವನು ಆಸ್ಪತ್ರೆಗೆ ಹೋಗಬೇಕಾದ ಗಂಟೆಗಳನ್ನು ಕಳೆದುಕೊಳ್ಳುತ್ತಾನೆ. ಬಿಟ್ಟುಹೋದ ಪದದ ಬೆಲೆಯನ್ನು ತೆರುವವನು ಅವನೇ.